ಮದುವೆ ಕರಾರಿನ ಮೊದಲ ಪುಟಕ್ಕೆ ನಮಗೆ ಐದು ವಾರ ಹಿಡಿಯಿತು

ಮದುವೆಗೆ ಮುಂಚೆ ಒಂದು ಕರಾರು ಮಾಡಿಕೊಳ್ಳೋಣ ಅಂತ ನಾವಿಬ್ಬರೂ ತೀರ್ಮಾನ ಮಾಡಿದಾಗ, ಕಷ್ಟದ ಕೆಲಸ ಆಸ್ತಿಯ ಷರತ್ತುಗಳದ್ದು ಅಂದುಕೊಂಡಿದ್ದೆ. ಅದು ಎರಡು ಸಂಜೆಯಲ್ಲಿ ಮುಗಿಯಿತು. ಐದು ವಾರ ಹಿಡಿದದ್ದು ಪೀಠಿಕೆಗೆ, ಅಂದರೆ ಷರತ್ತು ಶುರುವಾಗುವ ಮುಂಚಿನ ಆ ಒಂದು ಪುಟಕ್ಕೆ.

ನನಗೆ ಇದು ಎರಡನೇ ಮದುವೆ. ಮೊದಲ ಮದುವೆಯಿಂದ ಒಬ್ಬಳು ಮಗಳಿದ್ದಾಳೆ. ನನ್ನ ದುಡಿಮೆಯಲ್ಲಿ ಕೊಂಡ ಒಂದು ಮನೆ ಇದೆ. ಇವರಿಗೆ ಇದು ಮೊದಲನೇ ಮದುವೆ. ಮನೆ ಮುಂದೆ ಮಗಳಿಗೇ ಹೋಗಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಮೊದಲ ಕರಡು ನಾನೇ ಬರೆದೆ. ‘ಪರಸ್ಪರ ಪ್ರೀತಿ, ಗೌರವ, ನಂಬಿಕೆಯಿಂದ ಬಾಳಲು ನಿಶ್ಚಯಿಸಿರುವ ನಾವು’ ಅಂತ ಶುರುವಾಗಿ ಅರ್ಧ ಪುಟ ಹಾಗೇ ಹೋಗಿತ್ತು. ವಕೀಲರು ಓದಿ, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಉದ್ದ ಗೆರೆ ಎಳೆದರು. ‘ಇಪ್ಪತ್ತು ವರ್ಷ ಆದಮೇಲೆ ನಿಮ್ಮಿಬ್ಬರ ಪರಿಚಯವೇ ಇಲ್ಲದವರು ಇದನ್ನು ಓದ್ತಾರೆ. ಇದರಿಂದ ಅವರಿಗೆ ಏನು ಗೊತ್ತಾಗುತ್ತೆ ಹೇಳಿ’ ಅಂದರು. ಆಗ ಬೇಜಾರಾಯಿತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದು ಸರಿ. ಯಾರು, ಯಾವಾಗ, ಯಾವ ಪರಿಸ್ಥಿತಿಯಲ್ಲಿ, ಏನೇನು ತಿಳಿದುಕೊಂಡು, ಯಾಕೆ ಈ ಕರಾರು ಮಾಡಿಕೊಂಡರು ಅನ್ನುವುದಷ್ಟೇ ಪೀಠಿಕೆಯ ಕೆಲಸ. ಕೊಡುವುದು, ಬಿಡುವುದು ಎಲ್ಲ ಆಮೇಲೆ ಬರುವ ನಂಬರ್ ಹಾಕಿದ ಷರತ್ತುಗಳಲ್ಲಿ. ಆದರೆ ಯಾವುದೋ ಷರತ್ತಿನ ಅರ್ಥದಲ್ಲಿ ಅನುಮಾನ ಬಂದರೆ, ಓದುವವರು ವಾಪಸ್ ಬಂದು ನೋಡುವುದು ಈ ಪುಟವನ್ನೇ. ಹಾಗಾಗಿ ಇಲ್ಲಿ ಮಾತು ಕೊಡಬಾರದು, ಸುಳ್ಳು ಅಂತೂ ಸುತರಾಂ ಇರಬಾರದು.

ಹೆಸರಿನ ಭಾಗ ಸುಲಭ ಅಂತ ಅನಿಸುತ್ತೆ, ಅಲ್ವಾ? ನನ್ನ ಮನೆಯ ಕ್ರಯಪತ್ರದಲ್ಲಿ ಹಳೆಯ ಹೆಸರಿದೆ, ಗುರುತಿನ ಚೀಟಿಯಲ್ಲಿ ಈಗಿನದು. ಎರಡೂ ಒಬ್ಬಳದೇ ಅಂತ ಪೀಠಿಕೆಯಲ್ಲೇ ಒಂದು ಸಾಲು ಬರೆದೆವು. ಇನ್ನೊಂದು ವಿಷಯ. ಮಾಮೂಲಿ ಪತ್ರಗಳ ಹಾಗೆ ‘ಒಂದನೇ ಪಾರ್ಟಿ, ಎರಡನೇ ಪಾರ್ಟಿ’ ಅಂತ ಹಾಕಿದ್ದೆವು. ಮೂರನೇ ಕರಡಿನಲ್ಲಿ ಒಂದು ಕಡೆ ‘ಒಂದನೇ’ ಹೋಗಿ ‘ಎರಡನೇ’ ಆಗಿಬಿಟ್ಟಿತ್ತು. ಆ ಷರತ್ತಿನ ಪ್ರಕಾರ ನನ್ನ ಮನೆ ಇವರದಾಗಿತ್ತು! ನಾಲ್ಕು ಜನ ಓದಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವತ್ತೇ ನಂಬರ್ ತೆಗೆದು, ‘ಇದರಲ್ಲಿ ಮುಂದೆ ಹೀಗೆ ಕರೆಯಲಾಗುವುದು’ ಅಂತ ಹೇಳಿ, ಎಲ್ಲ ಕಡೆ ಹೆಸರನ್ನೇ ಹಾಕಿದೆವು.

ಜಾಸ್ತಿ ಹೊತ್ತು ನಮ್ಮನ್ನು ಕೂರಿಸಿದ್ದು ಒಂದೇ ಒಂದು ವಾಕ್ಯ. ‘ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪೂರ್ತಿ ವಿವರವನ್ನು ಒಬ್ಬರಿಗೊಬ್ಬರು ಕೊಟ್ಟಿದ್ದಾರೆ.’ ನಾನು ಟೈಪ್ ಮಾಡಿ ಮುಂದೆ ಹೋಗುತ್ತಿದ್ದೆ. ಇವರು ‘ಒಂದು ನಿಮಿಷ’ ಅಂದರು. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು: ‘ಅಣ್ಣನ ಸಾಲಕ್ಕೆ ಜಾಮೀನು ಹಾಕಿದ್ದೀನಿ. ಅದು ನನ್ನ ಸಾಲ ಅಲ್ಲ ಅಲ್ವಾ?’ ಆ ವಿಷಯ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಮುಚ್ಚಿಟ್ಟಿದ್ದೇನಲ್ಲ, ಹೇಳಬೇಕಾದ ವಿಷಯ ಅಂತಲೇ ಅವರಿಗೆ ಹೊಳೆದಿರಲಿಲ್ಲ. ಅಣ್ಣ ಕಟ್ಟದಿದ್ದರೆ ಬ್ಯಾಂಕು ಬರುವುದು ಇವರ ಹತ್ತಿರ. ಆದ್ದರಿಂದ ಅದೂ ಪಟ್ಟಿಗೆ ಸೇರಿತು. ಮೊತ್ತಗಳನ್ನು ಪೀಠಿಕೆಯಲ್ಲಿ ಬರೆಯಲಿಲ್ಲ. ಕೊನೆಗೆ ಎರಡು ಷೆಡ್ಯೂಲ್ ಸೇರಿಸಿ, ಪೀಠಿಕೆಯಲ್ಲಿ ‘ಷೆಡ್ಯೂಲ್ ಒಂದು ಮತ್ತು ಎರಡರಲ್ಲಿ ಇರುವಂತೆ’ ಅಂತ ಮಾತ್ರ ಹಾಕಿದೆವು. ಜಾಮೀನಿನ ಸಾಲನ್ನು ಇವರೇ ಕೈಯಾರೆ ಬರೆದುಕೊಟ್ಟರು. ಆ ಸಂಜೆ ನಾವಿಬ್ಬರೂ ಬೇರೆ ಏನೂ ಬರೆಯಲಿಲ್ಲ.

‘ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ’ ಅನ್ನುವ ಸಾಲು ಎಲ್ಲ ಪತ್ರಗಳಲ್ಲೂ ಇರುತ್ತೆ. ಅದನ್ನು ಬರೆದ ಮಾತ್ರಕ್ಕೆ ಯಾರೂ ನಂಬಬೇಕಾಗಿಲ್ಲ. ಇಂಥ ಕರಾರಿಗೆ ಕೋರ್ಟು ಎಷ್ಟು ಬೆಲೆ ಕೊಡುತ್ತೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಆದರೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅಮೆರಿಕದ 1983ರ ಮಾದರಿ ಕಾಯಿದೆ ಸ್ವಇಚ್ಛೆಯನ್ನೂ, ಆಸ್ತಿ-ಸಾಲ ತಿಳಿಸಿದ್ದರೋ ಇಲ್ಲವೋ ಅನ್ನುವುದನ್ನೂ ನೋಡುತ್ತೆ. ಬ್ರಿಟನ್ನಿನ ಸುಪ್ರೀಂ ಕೋರ್ಟು 2010ರಲ್ಲಿ ರಾಡ್‌ಮಾಕರ್ ಪ್ರಕರಣದಲ್ಲಿ, ಇಬ್ಬರೂ ಸ್ವಇಚ್ಛೆಯಿಂದ, ಪರಿಣಾಮ ಏನು ಅಂತ ಪೂರ್ತಿ ತಿಳಿದು ಒಪ್ಪಿದ್ದರೆ, ಅದರಿಂದ ಅನ್ಯಾಯ ಆಗದಿದ್ದಲ್ಲಿ ಒಪ್ಪಂದವನ್ನು ಎತ್ತಿಹಿಡಿಯಬೇಕು ಅಂತ ಹೇಳಿತು. ಹಾಗಾಗಿ ನಾವು ನಡೆದದ್ದನ್ನೇ ಬರೆದೆವು. ಇಬ್ಬರಿಗೂ ಬೇರೆ ಬೇರೆ ವಕೀಲರು. ಮೊದಲ ಕರಡು ಇಂಥ ತಾರೀಖು ಕೈಗೆ ಬಂತು. ಸಹಿಗೆ ಮುಂಚೆ ಇಷ್ಟು ದಿನ ಇತ್ತು. ಇಬ್ಬರೂ ತಮಗೆ ಗೊತ್ತಿರುವ ಭಾಷೆಯಲ್ಲಿ ಓದಿ ಅರ್ಥ ಮಾಡಿಕೊಂಡರು. ನೀವೇನಾದರೂ ಬರೆಯುವುದಾದರೆ ಇದನ್ನು ದಯವಿಟ್ಟು ಬಿಡಬೇಡಿ. ಮದುವೆಯ ಹಿಂದಿನ ದಿನ ಸಹಿ ಹಾಕಿಸಿಕೊಂಡ ಕಾಗದಕ್ಕೂ ಒಂದು ತಿಂಗಳು ಮುಂಚೆ ಆದ ಕಾಗದಕ್ಕೂ ತುಂಬಾ ವ್ಯತ್ಯಾಸ ಇದೆ.

‘ಯಾಕೆ’ ಅನ್ನುವ ಸಾಲಿನಲ್ಲಿ ನಾನು ‘ವಿಚ್ಛೇದನವಾದಲ್ಲಿ ತಕರಾರು ಬಾರದಿರಲೆಂದು’ ಅಂತ ಬರೆದಿದ್ದೆ. ಇವರಿಗೆ ಅದು ಚುಚ್ಚಿತು. ಬದಲಾಯಿಸಿದ್ದು ಮಾತ್ರ ಆ ಕಾರಣಕ್ಕೇ ಅಲ್ಲ. ನಮ್ಮ ಷರತ್ತುಗಳು ಒಬ್ಬರು ತೀರಿಕೊಂಡಾಗಲೂ ಅನ್ವಯಿಸಬೇಕಿತ್ತು. ಪೀಠಿಕೆ ವಿಚ್ಛೇದನ ಒಂದನ್ನೇ ಹೇಳಿದ್ದರೆ, ಸಾವಿಗೆ ಇದು ಸಂಬಂಧಪಟ್ಟದ್ದಲ್ಲ ಅಂತ ಯಾರಾದರೂ ವಾದ ಮಾಡಬಹುದಿತ್ತು. ಕೊನೆಗೆ ಉಳಿದದ್ದು: ‘ಮದುವೆಗೆ ಮುಂಚೆ ಆಕೆ ಸಂಪಾದಿಸಿದ ಮನೆಯು ಯಾವ ಸಂದರ್ಭದಲ್ಲೂ ಆಕೆಗೆ, ಆಕೆಯ ನಂತರ ಆಕೆಯ ಮಗಳಿಗೆ ಉಳಿಯಬೇಕೆಂಬುದು ಇಬ್ಬರ ಬಯಕೆ.’ ಇಡೀ ಪತ್ರದಲ್ಲಿ ನನಗೆ ಅತಿ ಇಷ್ಟವಾದ ವಾಕ್ಯ ಇದು.

ಈಜಿಪ್ಟಿನ ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಕ್ರಿ.ಪೂ. 5ನೇ ಶತಮಾನದ ಮದುವೆ ಪತ್ರಗಳು ಸಿಕ್ಕಿವೆ. ಪಪೈರಸ್ ಮೇಲೆ ಅರಾಮಿಕ್ ಭಾಷೆಯಲ್ಲಿ ಬರೆದವು. ಅವೂ ಶುರುವಾಗುವುದು ತಾರೀಖಿನಿಂದ: ದಿನ, ತಿಂಗಳು, ರಾಜನ ಆಳ್ವಿಕೆಯ ವರ್ಷ. ಆಮೇಲೆ ಯಾರು ಯಾರಿಗೆ ಹೇಳಿದರು ಅನ್ನುವುದು. ಓದಿದಾಗ ಮನಸ್ಸು ತುಂಬಿ ಬಂತು. ಅಷ್ಟು ಹಿಂದಿನವರೂ ಮೊದಲು ತಾರೀಖನ್ನೇ ಬರೆದಿದ್ದಾರೆ.

ತಾರೀಖಿನಲ್ಲಿ ನಾವು ಎಡವುತ್ತಿದ್ದೆವು. ಸಹಿ ಮಾಡುವ ದಿನ ಬೇರೆ, ಮದುವೆಯ ದಿನ ಬೇರೆ, ಕರಾರು ಜಾರಿಗೆ ಬರುವ ದಿನ ಬೇರೆ. ಕರಡಿನಲ್ಲಿ ಮದುವೆಯ ತಾರೀಖನ್ನೇ ಹಾಕಿ, ಇವರನ್ನು ‘ಗಂಡ’ ಅಂತಲೂ ಕರೆದಿದ್ದೆ. ವಕೀಲರು ಅದನ್ನು ‘ಮದುವೆಯಾಗಲಿರುವ’ ಅಂತ ತಿದ್ದಿದರು. ಮದುವೆಯ ತಾರೀಖು ತೆಗೆದು, ‘ಮದುವೆ ನಡೆದ ದಿನದಿಂದ ಜಾರಿಗೆ ಬರುತ್ತದೆ, ನಡೆಯದಿದ್ದರೆ ತಾನಾಗಿ ರದ್ದಾಗುತ್ತದೆ’ ಅಂತ ಬರೆಸಿದರು. ಸಹಿ ಆದಮೇಲೆ ಇವರ ತಾಯಿಗೆ ಹುಷಾರು ತಪ್ಪಿ, ಮದುವೆ ಹನ್ನೆರಡು ದಿನ ಮುಂದೆ ಹೋಯಿತು. ಕರಾರಿನಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.