ಫಾರ್ಮ್ಯಾಟ್ ಮಾಡದೆ ಇನೋಡ್ 128ರಿಂದ 256ಕ್ಕೆ: ನನ್ನ ಅನುಭವ

ಲಿನಕ್ಸ್ ಡಿಸ್ಕಿನಲ್ಲಿ ಪ್ರತಿ ಫೈಲಿನ ತಾರೀಖು, ಗಾತ್ರ ಮುಂತಾದ ವಿವರ ಇಡುವ ಪುಟ್ಟ ದಾಖಲೆಯೇ ಇನೋಡ್. ನನ್ನ ಹಳೆಯ ಡಿಸ್ಕಿನಲ್ಲಿ ಅದನ್ನು 128 ಬೈಟ್‌ನಿಂದ 256ಕ್ಕೆ ಹಿಗ್ಗಿಸಬೇಕಿತ್ತು. "ಫಾರ್ಮ್ಯಾಟ್ ಮಾಡು, ಬೇರೆ ದಾರಿ ಇಲ್ಲ" ಅಂತ ಮೂರು ಜನ ಹೇಳಿದ್ದರು. ನಾನು ಮಾಡಲಿಲ್ಲ. ಡಿಸ್ಕ್ ಈಗ ಚೆನ್ನಾಗಿಯೇ ಇದೆ.

320 ಜಿಬಿಯ ಹಳೆಯ ಡಿಸ್ಕ್, 2007ರ ಸುಮಾರಿಗೆ ಇಎಕ್ಸ್‌ಟಿ3 (ಲಿನಕ್ಸಿನ ಹಳೆಯ ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಹಾಕಿದ್ದು. ಮೌಂಟ್ ಮಾಡಿದಾಗಲೆಲ್ಲ (ಬಳಕೆಗೆ ಜೋಡಿಸಿದಾಗಲೆಲ್ಲ) ಟೈಮ್‌ಸ್ಟ್ಯಾಂಪ್ (ಫೈಲಿನ ತಾರೀಖು) 2038ರವರೆಗೆ ಮಾತ್ರ ಅಂತ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತಿತ್ತು. ನೋಡೋಣ ಅಂತ ಒಂದು ಫೈಲಿಗೆ ಟಚ್ ಕಮಾಂಡ್‌ನಿಂದ 2040ರ ತಾರೀಖು ಹಾಕಿದೆ. ಫೈಲಿನ ವಿವರ ಹೇಳುವ ಸ್ಟ್ಯಾಟ್ ಕಮಾಂಡ್ ತೋರಿಸಿದ್ದು 2038ರ ಜನವರಿ 19! ಇನೋಡ್ 128 ಬೈಟ್ ಇದ್ದರೆ ಅದರಾಚೆಯ ತಾರೀಖಿಗೆ ಜಾಗವೇ ಇರುವುದಿಲ್ಲ.

ನಕಲು ಮಾಡಿ ಫಾರ್ಮ್ಯಾಟ್ ಮಾಡಬಹುದಿತ್ತಲ್ವಾ ಅಂತ ಕೇಳಬಹುದು. ಡಿಸ್ಕಿನ ತುಂಬಾ ಇದ್ದದ್ದು ವರ್ಷಗಟ್ಟಲೆ ಆರ್‌ಸಿಂಕ್‌ನಿಂದ (ಫೈಲ್ ನಕಲು ಮಾಡುವ ಕಮಾಂಡ್) ತೆಗೆದ ಬ್ಯಾಕಪ್‌ಗಳು, ಎಲ್ಲ ಹಾರ್ಡ್‌ಲಿಂಕ್, ಅಂದರೆ ಒಂದೇ ಡೇಟಾಗೆ ಹಲವು ಹೆಸರು. ಒಮ್ಮೆ ನಕಲಿಗೆ ಕೂತೆ. ಮೆಮೊರಿ ಎಲ್ಲ ತಿಂದು, ಅರ್ಧ ದಿನ ಎಳೆದಾಡಿ ನಿಂತುಹೋಯಿತು. ಅದಕ್ಕಾಗಿ ಹೊಸ ಡಿಸ್ಕಿಗೆ ದುಡ್ಡು ಹಾಕಲು ಮನಸ್ಸಿರಲಿಲ್ಲ. ತೀರಾ ಮುಖ್ಯವಾದ ಫೈಲುಗಳು ಬೇರೆ ಕಡೆ ಇದ್ದವು, ಹಾಗಾಗಿ ಧೈರ್ಯ ಮಾಡಿದೆ.

ಅನ್‌ಮೌಂಟ್ ಮಾಡಿ, ತಪ್ಪು ಹುಡುಕುವ ಇ2ಎಫ್‌ಎಸ್‌ಸಿಕೆ (ಮುಂದೆ ಬರೀ ಎಫ್‌ಎಸ್‌ಸಿಕೆ) ಪೂರ್ತಿ ಓಡಿಸಿ, ಫೈಲ್ ಸಿಸ್ಟಮ್ ಸೆಟ್ಟಿಂಗ್ ಬದಲಿಸುವ ಟ್ಯೂನ್2ಎಫ್‌ಎಸ್‌ಗೆ ಕ್ಯಾಪಿಟಲ್ ಐ ಆಯ್ಕೆಯಲ್ಲಿ 256 ಕೊಟ್ಟೆ. ಜಾಗ ಸಾಲದು ಅಂತ ವಾಪಸ್ ಬಂತು. ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಇನೋಡ್‌ಗಳು ಸುಮಾರು ನಾಲ್ಕು ಕೋಟಿ. ತಲಾ 128 ಬೈಟ್ ಅಂದರೆ ಟೇಬಲ್‌ಗಳೇ 5 ಜಿಬಿ. ಇಮ್ಮಡಿ ಆಗಬೇಕಾದರೆ ಇನ್ನೊಂದು 5 ಜಿಬಿ ಖಾಲಿ ಬೇಕು. ಹಿಂದೆ ಯಾವಾಗಲೋ ರಿಸರ್ವ್ ಬ್ಲಾಕ್ (ಸಿಸ್ಟಮ್‌ಗೆ ಅಂತ ಕಾದಿರಿಸುವ ಜಾಗ) ಸೊನ್ನೆ ಮಾಡಿ ಡಿಸ್ಕನ್ನು ಕತ್ತಿನವರೆಗೆ ತುಂಬಿಸಿದ್ದೆ. ಉಳಿದಿದ್ದು ಮೂರು ಜಿಬಿಯೋ ಏನೋ. ಮಾಮೂಲಿ 5 ಶೇಕಡ ಬಿಟ್ಟಿದ್ದರೆ 16 ಜಿಬಿ ಕೈಯಲ್ಲೇ ಇರುತ್ತಿತ್ತು.

ಹಳೆಯ ಮೂರು ಬ್ಯಾಕಪ್ ಅಳಿಸಿದೆ. ಸಿಕ್ಕಿದ್ದು ಒಂದು ಜಿಬಿಯೂ ಇಲ್ಲ. ಹಾರ್ಡ್‌ಲಿಂಕ್ ತಾನೇ, ಹೆಸರು ಹೋದರೂ ಡೇಟಾ ಹೋಗಲ್ಲ. ಕೊನೆಗೆ ಐಎಸ್‌ಒ (ಸಿಡಿ-ಡಿವಿಡಿಯ ಪೂರ್ತಿ ಪ್ರತಿ) ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಸಾಗಿಸಿದೆ. ಹದಿನೈದು ಜಿಬಿ ಖಾಲಿಯಾಯಿತು.

ಆದರೂ ನೇರವಾಗಿ ಡಿಸ್ಕಿನ ಮೇಲೆ ಕೈ ಹಾಕಲಿಲ್ಲ. ಇ2ಇಮೇಜ್ ಕಮಾಂಡ್‌ನಿಂದ ಮೆಟಾಡೇಟಾ ಮಾತ್ರದ (ಫೈಲುಗಳ ಒಳಗಿನದಲ್ಲ, ಅವುಗಳ ವಿವರ ಮಾತ್ರ) ಸ್ಪಾರ್ಸ್ ಇಮೇಜ್, ಅಂದರೆ ಖಾಲಿ ಭಾಗ ಜಾಗ ತಿನ್ನದ ಪ್ರತಿ, ತೆಗೆದು ಮೊದಲು ಅದರ ಮೇಲೆ ಟ್ಯೂನ್2ಎಫ್‌ಎಸ್ ಓಡಿಸಿದೆ. ಆಮೇಲೆ ಎಫ್‌ಎಸ್‌ಸಿಕೆ ಒಂದು ತಪ್ಪೂ ಹೇಳಲಿಲ್ಲ. ಆಗಲೇ ಗೆದ್ದೆ ಅನಿಸಿತು. 

ನಿಜವಾದ ಓಟಕ್ಕೆ ಝಡ್ ಆಯ್ಕೆಯಲ್ಲಿ ಅಂಡೂ ಫೈಲ್ (ಬದಲಾವಣೆ ಹಿಂದಕ್ಕೆ ತರಲು ಬೇಕಾದ ದಾಖಲೆ) ಬೇರೆ ಡಿಸ್ಕಿನಲ್ಲಿ ಇಟ್ಟೆ. ಆದರೆ ಕರೆಂಟ್ ಹೋದರೆ ಆ ಫೈಲ್ ಕಾಪಾಡುವುದಿಲ್ಲ, ಕಮಾಂಡಿನ ಕೈಪಿಡಿಯಾದ ಮ್ಯಾನ್ ಪುಟದಲ್ಲೇ ಎಚ್ಚರಿಕೆ ಇದೆ. ಅದಕ್ಕೇ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಈ ಕೆಲಸಕ್ಕೆ ಕೈಯಿಂದ ಖರ್ಚಾದದ್ದು ಅದೊಂದೇ. ಎರಡು ಗಂಟೆಯ ಮೇಲೆ ಹಿಡಿಯಿತು. ಪರದೆಯ ಮೇಲೆ ಏನೂ ಬರಲ್ಲ, ಡಿಸ್ಕಿನ ದೀಪ ಮಾತ್ರ ಮಿನುಗುತ್ತಿರುತ್ತದೆ. ಆ ಹೊತ್ತಲ್ಲಿ ಕಂಟ್ರೋಲ್-ಸಿ ಒತ್ತಬೇಡಿ.

ಇದೇ ಉತ್ಸಾಹದಲ್ಲಿ ಇನ್ನೊಂದು ಡಿಸ್ಕಿಗೂ ಪ್ರಯತ್ನಿಸಿದೆ. ಇಎಕ್ಸ್‌ಟಿ4 (ಇಎಕ್ಸ್‌ಟಿ3ರ ಮುಂದಿನ ಆವೃತ್ತಿ) ಅಂತಲೇ ಮಾಡಿದ್ದು, ಅದರಲ್ಲಿ ಫ್ಲೆಕ್ಸ್‌ಬಿಜಿ ಅನ್ನುವ ಫೀಚರ್ ಇತ್ತು. ಅದು ಇದ್ದರೆ ಇನೋಡ್ ಸೈಜ್ ಬದಲಾಗಲ್ಲ ಅಂತ ಟ್ಯೂನ್2ಎಫ್‌ಎಸ್ ಅಲ್ಲೇ ನಿಲ್ಲಿಸಿತು. ಫೈಲ್ ಸಿಸ್ಟಮ್ ವಿವರ ತೋರಿಸುವ ಡಂಪ್‌ಇ2ಎಫ್‌ಎಸ್ ಕಮಾಂಡ್‌ನಲ್ಲಿ ಫೀಚರ್ ಪಟ್ಟಿ ಮೊದಲೇ ನೋಡಿಕೊಳ್ಳಿ. ಪೆನ್‌ಡ್ರೈವ್ ಒಂದರ ಜರ್ನಲ್ (ಮಾಡುವ ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಕೂಡ ತೆಗೆದು ನೋಡಿದೆ. ಬರೆಯುವ ವೇಗ ಸ್ವಲ್ಪ ಹೆಚ್ಚಿತು, ಆದರೆ ಒಮ್ಮೆ ಸುಮ್ನೆ ಕಿತ್ತಾಗ ಎಫ್‌ಎಸ್‌ಸಿಕೆಗೆ ತುಂಬಾ ಹೊತ್ತು ಕಾಯಬೇಕಾಯಿತು. ಜರ್ನಲ್ ವಾಪಸ್ ಹಾಕಿದೆ.

ಆ 320 ಜಿಬಿ ಡಿಸ್ಕಿಗೆ ಮತ್ತೊಮ್ಮೆ ಎಫ್‌ಎಸ್‌ಸಿಕೆ ಕೊಟ್ಟು, ರಿಸರ್ವ್ 1 ಶೇಕಡ ಮಾಡಿ, ಇಎಕ್ಸ್‌ಟಿ4 ಅಂತ ಮೌಂಟ್ ಮಾಡಿದೆ. ಎಚ್ಚರಿಕೆ ಬರಲಿಲ್ಲ. ಮತ್ತೆ ಟಚ್, ಮತ್ತೆ ಸ್ಟ್ಯಾಟ್. ಈ ಸಲ 2040 ಅಂತಲೇ ಬಂತು.