ನೇಪಾಳದ ಹಳೇ ಸ್ಟಾಂಪು: ದುಡ್ಡು ಕಟ್ಟುವ ಮುಂಚೆ ಬೆನ್ನು ನೋಡಿ

ಆನ್‌ಲೈನ್‌ನಲ್ಲಿ ನೇಪಾಳದ ಹಳೇ ಸ್ಟಾಂಪು ಕೊಂಡು ಟೋಪಿ ಹಾಕಿಸಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನವರ ತಪ್ಪು ಒಂದೇ. ಮುಂಭಾಗದ ಫೋಟೊ ನೋಡುತ್ತಾರೆ, ‘ಅತಿ ಅಪರೂಪ’ ಅಂತ ಬರೆದಿದ್ದನ್ನು ಓದುತ್ತಾರೆ, ದುಡ್ಡು ಕಟ್ಟಿಬಿಡುತ್ತಾರೆ.

ಮೊದಲು ಯಾವ ಕಾಲದ ಅಂಚೆ ಚೀಟಿ ಅಂತ ಗುರುತಿಸಿಕೊಳ್ಳಿ. ಇದು ಸುಲಭ. ನೇಪಾಳದ ರಾಜರ ಶ್ರೀಪೇಚ್ ಕಿರೀಟ, ಜೊತೆಗೆ ಅಡ್ಡಡ್ಡ ಇಟ್ಟ ಎರಡು ಖುಕುರಿ (ಗೂರ್ಖರ ಬಾಗಿದ ಕತ್ತಿ) ಇದ್ದರೆ 1881ರಲ್ಲಿ ಶುರುವಾದ ಮಾದರಿ: 1, 2 ಮತ್ತು 4 ಆಣೆ. ಬಿಲ್ಲು, ಖುಕುರಿ ಇದ್ದರೆ 1899ರ ಅರ್ಧ ಆಣೆ. ಶಿವ ಕೂತಿದ್ದರೆ 1907ರಿಂದ ಬಂದ ಪಶುಪತಿ ಸರಣಿ.

ಆಮೇಲೆ ಮಾರುವವರ ಹತ್ತಿರ ಮೂರು ಫೋಟೊ ಕೇಳಿ. ಮುಂದೆ, ಹಿಂದೆ, ಮತ್ತು ಹಿಂದಿನಿಂದ ಬೆಳಕು ಬಿಟ್ಟು ತೆಗೆದದ್ದು. ಸ್ಕ್ಯಾನ್ ಆದರೆ 600 ಡಿಪಿಐ. ‘ಮೊಬೈಲ್ ಸರಿಯಿಲ್ಲ ಸಾರ್’ ಅಂದರೆ ಬಿಟ್ಟುಬಿಡಿ, ಬೇರೆಯವರು ಸಿಗುತ್ತಾರೆ.

ಈಗ ಕಾಗದ. ಜನ ಎಡವುವುದೇ ಇಲ್ಲಿ. 1881ರ ಮೊದಲ ಚೀಟಿಗಳು ಯೂರೋಪಿನಿಂದ ತರಿಸಿದ ನಯವಾದ ಬಿಳಿ ಕಾಗದದ ಮೇಲಿದ್ದವು. 1886ರಿಂದ ಲೋಕ್ತಾ ಗಿಡದ ತೊಗಟೆಯಿಂದ ಮಾಡಿದ ಸ್ಥಳೀಯ ಕಾಗದ ಬಂತು. ಬೆಳಕಿಗೆ ಹಿಡಿದರೆ ಅದರಲ್ಲಿ ಉದ್ದುದ್ದ ನಾರು ಹೇಗೆಂದರೆ ಹಾಗೆ ಹರಡಿರುವುದು ಕಾಣುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೆನ್ನಿಗೆ ಅಂಟು ಇರುವುದಿಲ್ಲ. ಲೋಕ್ತಾ ಚೀಟಿಯನ್ನು ‘ಮೂಲ ಅಂಟು ಸಹಿತ’ ಅಂತ ಮಾರುತ್ತಿದ್ದರೆ ಆ ಪುಟ ಮುಚ್ಚಿ.

ಆದರೆ ನಾರು ಕಂಡ ಮಾತ್ರಕ್ಕೆ ಕುಣಿಯಬೇಡಿ. ಲೋಕ್ತಾ ಕಾಗದ ಇವತ್ತಿಗೂ ತಯಾರಾಗುತ್ತದೆ. ಕಠ್ಮಂಡುವಿನ ಅಂಗಡಿಗಳಲ್ಲಿ ಡೈರಿ, ಕ್ಯಾಲೆಂಡರ್ ಎಲ್ಲ ಅದರಲ್ಲೇ ಸಿಗುತ್ತವೆ. ಅಸಲಿ ಕಾಗದದ ಮೇಲೆ ನಕಲಿ ಚೀಟಿ ಮಾಡಬಹುದು, ಅಲ್ವಾ? ಅದಕ್ಕೇ ಕಾಗದ ನೋಡಿದ ಮೇಲೆ ಶಾಯಿ ನೋಡಲೇಬೇಕು.

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಈ ಚೀಟಿಗಳು ಅಚ್ಚನ್ನು ಒತ್ತಿ ಮುದ್ರಿಸಿದವು. ಒತ್ತಡಕ್ಕೆ ಶಾಯಿ ಗೆರೆಯ ಅಂಚಿಗೆ ಸರಿದು, ಅಲ್ಲಿ ಗಾಢವಾಗಿ ನಿಂತಿರುತ್ತದೆ. ಹಳೇ ಅಚ್ಚುಕೂಟದ ಲಗ್ನಪತ್ರಿಕೆಯ ಬೆನ್ನು ಸವರಿದರೆ ಅಕ್ಷರ ಕೈಗೆ ತಾಗುತ್ತಿತ್ತಲ್ಲ, ಇಲ್ಲೂ ಎಷ್ಟೋ ಸಲ ಹಾಗೇ. ಗೆರೆಯ ಬದಲು ಬಣ್ಣಬಣ್ಣದ ಸಣ್ಣ ಚುಕ್ಕೆ ಕಂಡರೆ ಅದು ಕಂಪ್ಯೂಟರ್ ಪ್ರಿಂಟರ್‌ನ ಕೆಲಸ. ಮುದ್ರಣ ಮಸುಕಾಗಿದೆ ಅಂತ ಮಾತ್ರ ನಕಲಿ ಅನ್ನಬೇಡಿ. ಅಚ್ಚುಗಳು ಸವೆದು ಸವೆದು ಕೊನೆಯ ಮುದ್ರಣಗಳೆಲ್ಲ ಹಾಗೇ ಇವೆ.

ಬಿಡಿ ಚೀಟಿ ಕೊಳ್ಳಲೇಬೇಡಿ, ಜೋಡಿಯನ್ನೋ ನಾಲ್ಕರ ಗುಂಪನ್ನೋ ಕೊಳ್ಳಿ. ಹಾಳೆಯಲ್ಲಿ ಒಂದೊಂದು ಚೀಟಿಗೂ ಬೇರೆ ಬೇರೆ ಅಚ್ಚು ಜೋಡಿಸುತ್ತಿದ್ದರು. ಹಾಗಾಗಿ ಅಕ್ಕಪಕ್ಕದವು ಸ್ವಲ್ಪ ಓರೆ, ಸವೆತವೂ ಬೇರೆ. ಒಂದೇ ಚಿತ್ರದಿಂದ ನಕಲು ಮಾಡಿದವನ ಹಾಳೆಯಲ್ಲಿ ನಾಲ್ಕಕ್ಕೂ ಒಂದೇ ಜಾಗದಲ್ಲಿ ಒಂದೇ ಗಾಯ! ಕೆಲವು ಹಾಳೆಗಳಲ್ಲಿ ಅಚ್ಚು ತಲೆಕೆಳಗಾಗಿ ಕೂತು, ಒಂದು ನೆಟ್ಟಗೆ ಒಂದು ಉಲ್ಟಾ ಇರುವ ಜೋಡಿ ಹುಟ್ಟಿದೆ. ಇದಕ್ಕೆ ಬೆಲೆ ಜಾಸ್ತಿ. ಎರಡು ಬಿಡಿ ಚೀಟಿ ಅಂಟಿಸಿ ಈ ಜೋಡಿ ‘ತಯಾರಿಸುವವರು’ ಇರುತ್ತಾರೆ. ಬೆಳಕಿಗೆ ಹಿಡಿದು ನಡುವಿನ ಸಂದಿ ನೋಡಿ. ನಾರು ಒಂದರಿಂದ ಇನ್ನೊಂದಕ್ಕೆ ಹಾದುಹೋಗಿರಬೇಕು.

ನೇರಳಾತೀತ ಟಾರ್ಚು ಕೊಳ್ಳುವುದಾದರೆ 365 ನ್ಯಾನೊಮೀಟರ್‌ನದ್ದೇ ಕೊಳ್ಳಿ. ಅಗ್ಗಕ್ಕೆ ಸಿಗುವ 395ರ ಟಾರ್ಚಿನಲ್ಲಿ ಎಲ್ಲವೂ ನೇರಳೆಯಾಗಿ ಕಂಡು ತಲೆ ಕೆಡುತ್ತದೆ. ಸರಿಯಾದ ಬೆಳಕಲ್ಲಿ ಕಾಗದ ನೀಲಿಬಿಳಿಯಾಗಿ ಝಗ್ ಅಂತ ಹೊಳೆದರೆ ಅದು ಈಚಿನದು. ಹಳೇ ಕಾಗದಕ್ಕೆ ಆ ಹೊಳಪಿನ ರಾಸಾಯನಿಕ ಸೇರಿಸುತ್ತಿರಲಿಲ್ಲ. ಚೀಟಿಯನ್ನು ನೀರಲ್ಲಿ ನೆನೆಸಿ ನೋಡುವ ಉಪಾಯ ಮಾತ್ರ ಬೇಡ.

ಪಶುಪತಿ ಸರಣಿಗೆ ಲೆಕ್ಕ ಬೇರೆ. ಮೊದಲ ಚೀಟಿಗಳನ್ನು ಲಂಡನ್ನಿನ ಪರ್ಕಿನ್ಸ್ ಬೇಕನ್ ಕಂಪನಿ ಮುದ್ರಿಸಿತು. ಕೆತ್ತಿದ ಫಲಕದ ಮುದ್ರಣವಾದ್ದರಿಂದ ಶಾಯಿ ಉಬ್ಬಿರುತ್ತದೆ, ಗೆರೆ ಕೂದಲಿನಷ್ಟು ಚೊಕ್ಕ. ಯುದ್ಧದ ಕಾಲದಲ್ಲಿ, 1941ರಿಂದ, ನೇಪಾಳದಲ್ಲೇ ಮುದ್ರಿಸಿದವು ಒರಟು. ಅವೂ ಅಸಲಿಯೇ, ಹೆದರಿ ಬಿಡಬೇಡಿ.

ಇನ್ನು ಠಸ್ಸೆ, ಅಂದರೆ ಬಳಸಿದ ಚೀಟಿಯ ಮೇಲೆ ಕಚೇರಿಯವರು ಒತ್ತುವ ಮುದ್ರೆ. ಅರ್ಧಚಂದ್ರದ ಠಸ್ಸೆ ಇದ್ದರೆ ಅದು ಸಾಮಾನ್ಯವಾಗಿ ತಂತಿ ಕಚೇರಿಯದ್ದು. 1917ರ ಹೊತ್ತಿನಿಂದ ಹಳೇ ಮಾದರಿಯ ಚೀಟಿಗಳನ್ನು ಟೆಲಿಗ್ರಾಂ ಶುಲ್ಕಕ್ಕೆ ಬಳಸಿದರು. ಚೀಟಿ ಅಸಲಿ, ಆದರೆ ಪತ್ರಕ್ಕೆ ಅಂಟಿ ಊರೂರು ಸುತ್ತಿ ಬಂದದ್ದಲ್ಲ. ಬೆಲೆ ತುಂಬಾ ಕಡಿಮೆ. ಅಂಚೆಯಲ್ಲಿ ಬಳಸಿದ್ದರ ರೇಟು ಕೊಡಬೇಡಿ.

ಲಕೋಟೆ ಸಮೇತ ಮಾರುತ್ತಿದ್ದರೆ ವಿಳಾಸ ಓದಿ. 1890ರ ಸುಮಾರಿಗೆ ನೇಪಾಳದ ಚೀಟಿ ನೇಪಾಳದೊಳಗೆ ಮಾತ್ರ ನಡೆಯುತ್ತಿತ್ತು. ಹೊರಗೆ ಹೋಗುವ ಪತ್ರಕ್ಕೆ ಕಠ್ಮಂಡುವಿನ ಬ್ರಿಟಿಷ್ ರೆಸಿಡೆನ್ಸಿಯ (ಬ್ರಿಟಿಷ್ ಪ್ರತಿನಿಧಿಯ ಕಚೇರಿಯ) ಅಂಚೆ ಕಚೇರಿಯಲ್ಲಿ ಭಾರತದ ಚೀಟಿ ಹಚ್ಚಬೇಕಿತ್ತು. ನೇಪಾಳ ವಿಶ್ವ ಅಂಚೆ ಒಕ್ಕೂಟ ಸೇರಿದ್ದೇ 1956ರಲ್ಲಿ. ಹೀಗಿರುವಾಗ ಬರೀ ಖುಕುರಿ ಚೀಟಿ ಹಚ್ಚಿಕೊಂಡು ಲಂಡನ್ ತಲುಪಿದ ಆ ಕಾಲದ ಲಕೋಟೆ ಅಂದರೆ ನಂಬುವುದು ಹೇಗೆ?

ದೊಡ್ಡ ಮೊತ್ತವಾದರೆ ರಾಯಲ್ ಫಿಲಾಟೆಲಿಕ್ ಸೊಸೈಟಿ ಲಂಡನ್‌ನಂಥ ಕಡೆಯ ಪರಿಣತರ ಪ್ರಮಾಣಪತ್ರ ಕೇಳಿ. ಪತ್ರದಲ್ಲಿ ಚೀಟಿಯ ಫೋಟೊ ಇರುತ್ತದೆ. ನಾಲ್ಕೂ ಅಂಚು ಕತ್ತರಿಸಿದ ರೀತಿ, ಠಸ್ಸೆ ಬಿದ್ದ ಜಾಗ, ಎರಡೂ ನಿಮಗೆ ಮಾರುತ್ತಿರುವ ಚೀಟಿಗೆ ತಾಳೆಯಾಗಬೇಕು. ಹಳೇ ಪ್ರಮಾಣಪತ್ರಕ್ಕೆ ಬೇರೆ ಚೀಟಿ ಜೋಡಿಸಿಬಿಟ್ಟರೆ ಅದು ಬರೀ ಕಾಗದದ ಚೂರು.