ತೋಟದ ಯೀಸ್ಟನ್ನೇ ಹೆಪ್ಪಾಗಿ ಹಾಕಿದ್ದು: ನಾಲ್ಕು ಕೊಯ್ಲುಗಳ ಅನುಭವ

ನಮ್ಮದು ಐದು ಎಕರೆಯ ದ್ರಾಕ್ಷಿ ತೋಟ. ಒಳ್ಳೆಯ ವರ್ಷದಲ್ಲಿ ಹತ್ತು ಟನ್ ಹಣ್ಣು ಬರುತ್ತದೆ. ಅದರಿಂದ ಸುಮಾರು ಎಂಟೂವರೆ ಸಾವಿರ ಬಾಟಲಿ ಕೆಂಪು ವೈನ್ ಆಗುತ್ತದೆ. ತೋಟದಿಂದ ಲೇಬಲ್ ಅಂಟಿಸುವವರೆಗೆ ಎಲ್ಲವನ್ನೂ ಮನೆಯವರೇ ಮಾಡುತ್ತೇವೆ. ರಸವನ್ನು ಹುದುಗಿಸಲು ಹಾಕುವ ಪ್ಯಾಕೆಟ್ ಯೀಸ್ಟನ್ನು ಬಿಟ್ಟು, ಹಣ್ಣಿನ ಜೊತೆ ತೋಟದಿಂದಲೇ ಬರುವ ಯೀಸ್ಟಿನಿಂದ ವೈನ್ ಮಾಡುತ್ತೇನೆಂದು ನಾನು ಹೇಳಿದಾಗ ತಂದೆಯವರು, ಸಾಲ ತೀರುವವರೆಗಾದರೂ ಆ ಮಾತು ಬೇಡವೆಂದರು. ನಮಗೆ ಸಲಹೆ ಕೊಡುತ್ತಿದ್ದ ತಜ್ಞರೊಬ್ಬರು ಒಂದೆರಡು ವರ್ಷದಲ್ಲಿ ನೀವೇ ಪ್ಯಾಕೆಟ್ ಹುಡುಕಿಕೊಂಡು ಬರುತ್ತೀರಿ ಎಂದಿದ್ದರು. ನಾಲ್ಕನೆಯ ಕೊಯ್ಲಿನಲ್ಲಿ ಕೆಲಸ ಕೈಗೂಡಿದೆ. ಇದೇ ದಾರಿಯಲ್ಲಿ ಹೆಜ್ಜೆ ಇಟ್ಟು ಹಿಂಜರಿದಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ಮೊದಲ ವರ್ಷ ಹಣ್ಣನ್ನು ಬಿಡಿಸಿ, ತುಳಿದು, ಒಂದೂವರೆ ಟನ್ನಿನ ತೊಟ್ಟಿಗೆ ತುಂಬಿ ಸುಮ್ಮನೆ ಕಾದೆ. ಮೂರು ದಿನ ಒಂದು ಗುಳ್ಳೆಯೂ ಏಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಉಗುರುಬಣ್ಣದ ವಾಸನೆ ಮುಖಕ್ಕೆ ರಾಚಿತು. ಅಷ್ಟಾದರೂ ಹುದುಗು ಹೇಗೋ ಮುಂದೆ ಸಾಗಿ, ಸಾಂದ್ರತೆ (ನೀರಿನದು 1.000; ಸಕ್ಕರೆ ಹುದುಗಿದಂತೆ ಇದು ಇಳಿಯುತ್ತದೆ) 1.005ರ ಹತ್ತಿರ ಬಂದು ನಿಂತುಬಿಟ್ಟಿತು. ಲೀಟರಿಗೆ ಇಪ್ಪತ್ತು ಇಪ್ಪತ್ತೈದು ಗ್ರಾಂ ಸಕ್ಕರೆ ಉಳಿದಿತ್ತು, ವಿಎ (ವೈನನ್ನು ವಿನೆಗರಿನತ್ತ ಒಯ್ಯುವ ಆವಿಯಾಗುವ ಹುಳಿ) ಒಂದು ಗ್ರಾಂ ದಾಟಿತ್ತು. ಕೊನೆಗೆ ಪ್ಯಾಕೆಟ್ ಯೀಸ್ಟ್ ತಂದು ಮತ್ತೆ ಎಬ್ಬಿಸಲು ಎರಡು ವಾರ ಹೆಣಗಿದೆ, ಅದೂ ಆಗಲಿಲ್ಲ. ಸಾವಿರ ಲೀಟರಿನಷ್ಟು ವೈನ್ ವಿನೆಗರ್ ಮಾಡುವವರ ಪಾಲಾಯಿತು. ಬಾಟಲಿಗೆ ಹಾಕಿ ಮಾರಿದ್ದರೆ ಸಿಗುತ್ತಿದ್ದ ಹಣದ ಹತ್ತನೆಯ ಒಂದು ಪಾಲೂ ಕೈಗೆ ಬರಲಿಲ್ಲ. ಆ ವರ್ಷ ಕೊಳ್ಳಬೇಕಿದ್ದ ಎರಡು ಹೊಸ ಓಕ್ ಪೀಪಾಯಿಗಳನ್ನು ಕೈಬಿಡಬೇಕಾಯಿತು.

ಎರಡನೆಯ ವರ್ಷ ಬರಿದೇ ಕಾಯುವುದನ್ನು ಬಿಟ್ಟು, ಮುಂಚಿತವಾಗಿ ಒಂದು ಬಕೆಟ್ ಹಣ್ಣನ್ನು ಹುದುಗಿಸಿಕೊಂಡು ಅದನ್ನೇ ತೊಟ್ಟಿಗೆ ಸೇರಿಸಿದೆ. ನಾವು ಮನೆಯಲ್ಲಿ ಅದನ್ನು ಹೆಪ್ಪು ಎಂದೇ ಕರೆಯುತ್ತೇವೆ. ಹುದುಗು ಮರುದಿನವೇ ಹಿಡಿಯಿತು, ಆದರೆ ಆರನೆಯ ದಿನದ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ನೆಲಮಾಳಿಗೆಯನ್ನೆಲ್ಲ ತುಂಬಿತ್ತು. ಆ ವರ್ಷ ಸಾಲುಗಳ ನಡುವೆ ಹುಲ್ಲು ದಟ್ಟವಾಗಿ ಬೆಳೆಯಲು ಬಿಟ್ಟಿದ್ದೆ. ಬಳ್ಳಿಗೆ ಸಿಗಬೇಕಿದ್ದ ಸಾರಜನಕವನ್ನು ಹುಲ್ಲು ಹೀರಿಕೊಂಡಿತ್ತು, ರಸದಲ್ಲಿ ಅದು ಎಷ್ಟಿದೆಯೆಂದು ನಾನು ಅಳೆಸಿಯೂ ಇರಲಿಲ್ಲ. ತಾಮ್ರದ ಸಲ್ಫೇಟ್ ಹಾಕಿದಾಗ ದುರ್ವಾಸನೆ ಹೋಯಿತು, ಅದರ ಜೊತೆಗೆ ಹಣ್ಣಿನ ಪರಿಮಳವೂ ಹೋಯಿತು. ಬೇರೆ ಲೇಬಲ್ ಅಂಟಿಸಿ ಅರ್ಧ ದರಕ್ಕೆ ಕೊಟ್ಟೆವು. ರಸದ ಪರೀಕ್ಷೆಗೆ ಆಗುತ್ತಿದ್ದ ಖರ್ಚು ನಾಲ್ಕಾರು ಬಾಟಲಿಗಳ ಬೆಲೆಯಷ್ಟು ಮಾತ್ರ. ಈಗ ಅದನ್ನು ಒಂದು ವರ್ಷವೂ ತಪ್ಪಿಸುವುದಿಲ್ಲ.

ಮೂರನೆಯ ವರ್ಷದ ಸೋಲು ನನಗೆ ಅತ್ಯಂತ ನೋವು ಕೊಟ್ಟಿತು, ಏಕೆಂದರೆ ಎರಡು ತೊಟ್ಟಿಗಳಲ್ಲಿ ಒಂದು ಚೆನ್ನಾಗಿ ಬಂದಿತ್ತು. ಇನ್ನೊಂದರ ಹಣ್ಣನ್ನು ತಡವಾಗಿ ಕೊಯ್ದಿದ್ದರಿಂದ ಪಿಎಚ್ (ಇದು ಏರಿದಷ್ಟೂ ಹುಳಿ ಕಡಿಮೆ) 3.85ರವರೆಗೆ ಏರಿತ್ತು, ಕೆಟ್ಟ ಸೂಕ್ಷ್ಮಜೀವಿಗಳನ್ನು ತಡೆಯುವ ಸಲ್ಫೈಟನ್ನೂ ನಾನು ಹಟದಿಂದ ಬಿಟ್ಟಿದ್ದೆ. ಸಕ್ಕರೆ ಮುಗಿಯುವ ಮೊದಲೇ ಬ್ಯಾಕ್ಟೀರಿಯಾ ಮ್ಯಾಲೋಲ್ಯಾಕ್ಟಿಕ್ (ಹಣ್ಣಿನ ಮ್ಯಾಲಿಕ್ ಹುಳಿಯನ್ನು ಮೆದುವಾದ ಲ್ಯಾಕ್ಟಿಕ್ ಹುಳಿಯಾಗಿಸುವ ಕ್ರಿಯೆ) ಶುರುಮಾಡಿ, ಅಲ್ಲಿಂದ ಉಳಿದ ಸಕ್ಕರೆಗೂ ಬಾಯಿ ಹಾಕಿದವು. ವಿಎ ದಿನದಿಂದ ದಿನಕ್ಕೆ ಏರುವುದನ್ನು ನೋಡುತ್ತಾ ಕೂರಬೇಕಾಯಿತು. ತೋಟದ ಯೀಸ್ಟ್ ಬೇಕೆಂದರೆ ಸಲ್ಫೈಟ್ ಮುಟ್ಟಲೇಬಾರದೆಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ತುಳಿಯುವಾಗ ಇಪ್ಪತ್ತೈದು ಮೂವತ್ತು ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಸಲ್ಫೈಟ್ ಹಾಕಿದರೆ ಒಳ್ಳೆಯ ಯೀಸ್ಟ್‌ಗೆ ಏನೂ ಆಗುವುದಿಲ್ಲ, ಕೆಟ್ಟವು ಹಿಂದೆ ಸರಿಯುತ್ತವೆ.

ನಾಲ್ಕನೆಯ ವರ್ಷ ಮಾಡಿದ್ದು ಹೀಗೆ. ಮುಖ್ಯ ಕೊಯ್ಲಿಗೆ ಒಂಬತ್ತು ದಿನ ಮೊದಲು, ಹಣ್ಣು ಇನ್ನೂ 20 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಇದ್ದು ಹುಳಿ ಗಟ್ಟಿಯಾಗಿರುವಾಗ, ತೋಟದ ಐದು ಕಡೆಗಳಿಂದ ಹನ್ನೆರಡು ಹನ್ನೆರಡು ಕಿಲೋ ಗೊಂಚಲುಗಳನ್ನು ತಂದೆ. ಒಡೆದ ಹಣ್ಣು ಒಂದೂ ಇರಬಾರದೆಂದು ನನ್ನ ಅತ್ತಿಗೆ ಪ್ರತಿ ಗೊಂಚಲನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿಯೇ ಬಕೆಟ್ಟಿಗೆ ಹಾಕಿದರು. ಬಕೆಟ್ಟುಗಳು ಹೊಸವು, ಅವನ್ನು ಇಟ್ಟದ್ದೂ ನೆಲಮಾಳಿಗೆಯಲ್ಲಲ್ಲ, ತೋಟದ ಆಚೆ ತುದಿಯ ಕೊಟ್ಟಿಗೆಯಲ್ಲಿ. ಹಳೆಯ ಪ್ಯಾಕೆಟ್ ಯೀಸ್ಟ್ ಪಂಪು, ಪೈಪುಗಳಲ್ಲಿ ಉಳಿದಿರುತ್ತದೆಂಬುದು ನಿಮಗೂ ಗೊತ್ತು. ದಿನಕ್ಕೆ ಎರಡು ಬಾರಿ ಸಿಪ್ಪೆಯನ್ನು ಕೈಯಿಂದಲೇ ಅದುಮಿ, ಮೂಸಿ, ಸಾಂದ್ರತೆ ಬರೆದಿಡುತ್ತಿದ್ದೆ. ಎರಡನೆಯ ಬಕೆಟ್ಟು ಮೂರನೆಯ ದಿನವೇ ಉಗುರುಬಣ್ಣದ ವಾಸನೆ ಬಿಟ್ಟಿತು, ಐದನೆಯದು ಮಂಕಾಗಿ ಕುಳಿತಿತ್ತು. ಎರಡನ್ನೂ ಚೆಲ್ಲಿದೆ. ಇದೇ ಇಡೀ ಪದ್ಧತಿಯ ಜೀವಾಳ: ಹನ್ನೆರಡು ಕಿಲೋ ಹಣ್ಣು ಹಾಳಾದರೆ ಸಹಿಸಬಹುದು, ಒಂದೂವರೆ ಟನ್ ಹಾಳಾದರೆ ಆಗದು.

ಉಳಿದ ಮೂರು ಬಕೆಟ್ಟುಗಳು 1.083ರಿಂದ 1.025ಕ್ಕೆ ಇಳಿದಾಗ, ಅಂದರೆ ಆಲ್ಕೋಹಾಲು ಏಳು ಪ್ರತಿಶತ ದಾಟಿ ದುರ್ಬಲ ಯೀಸ್ಟುಗಳು ಬಹುಪಾಲು ಸತ್ತಿರುವಾಗ, ಅವನ್ನು ಕೂಡಿಸಿ ತಾಜಾ ರಸ ಉಣಿಸಿ, ತೊಟ್ಟಿಯ ಮೂರು ನಾಲ್ಕು ಪ್ರತಿಶತದಷ್ಟು ಹೆಪ್ಪನ್ನು ಹಾಕಿದೆ. ಯಾವ ಬಕೆಟ್ಟಿಗೆ ಯಾವುದನ್ನು ಮೊದಲು ಸೇರಿಸುತ್ತೇನೆ, ಯಾವ ಹೊತ್ತಿನಲ್ಲಿ ಉಣಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮನೆಯಲ್ಲೇ ಇರಲಿ. ಮುಖ್ಯ ಹಣ್ಣು 24 ಬ್ರಿಕ್ಸ್, ಪಿಎಚ್ 3.55 ಇತ್ತು. ಶಾಖವನ್ನು 27 ಡಿಗ್ರಿ ದಾಟಲು ಬಿಡಲಿಲ್ಲ. ಹದಿಮೂರನೆಯ ದಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 0.995 ತೋರಿಸಿತು; ಸಕ್ಕರೆ ಎರಡು ಗ್ರಾಮಿಗಿಂತ ಕಡಿಮೆ, ವಿಎ 0.45ರ ಸುತ್ತಮುತ್ತ. ಆ ಸಂಜೆ ತಂದೆಯವರು ತಾವೇ ಬಂದು ಹೈಡ್ರೋಮೀಟರನ್ನು ಇನ್ನೊಮ್ಮೆ ಇಳಿಬಿಟ್ಟು ನೋಡಿದರು.

ಅದೇ ಸಾಲಿನ ಹಣ್ಣಿಗೆ ಪ್ಯಾಕೆಟ್ ಯೀಸ್ಟ್ ಹಾಕಿದ ಒಂದು ಸಣ್ಣ ತೊಟ್ಟಿಯನ್ನೂ ಬೇರೆ ಚಪ್ಪರದಡಿ ಇಟ್ಟಿದ್ದೆ. ಪೀಪಾಯಿಯಲ್ಲಿ ಒಂದು ವರ್ಷ ಕಳೆದ ಮೇಲೆ ಎರಡನ್ನೂ ಗುರುತಿಲ್ಲದ ಲೋಟಗಳಲ್ಲಿ ಕೊಟ್ಟಾಗ, ಹಿಂದೆ ಬೇಡವೆಂದಿದ್ದ ಆ ತಜ್ಞರೇ ನಮ್ಮ ಹೆಪ್ಪಿನ ವೈನನ್ನು ಆರಿಸಿದರು. ನಾಲಿಗೆಯ ಮೇಲೆ ಅದರ ಮೈ ತುಂಬಿಕೊಂಡಿರುತ್ತದೆ, ರುಚಿ ನಿಧಾನವಾಗಿ ಇಳಿಯುತ್ತದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ನಡುವೆ ಬೇರೆ ಪ್ರಯೋಗಗಳೂ ನಡೆದವು. ಐದನೆಯ ಒಂದು ಭಾಗ ಗೊಂಚಲುಗಳನ್ನು ತೊಟ್ಟುಸಹಿತ ಹಾಕಿದ್ದು ಒಳ್ಳೆಯದಾಯಿತು. ಅರ್ಧದಷ್ಟು ಹಾಕಿದಾಗ ಹಸಿ ತೊಟ್ಟಿನ ಒಗರು ಉಳಿಯಿತು. 225 ಲೀಟರಿನ ಪೀಪಾಯಿಗಳ ಬದಲು 500 ಲೀಟರಿನದೊಂದನ್ನು ತಂದೆವು, ಓಕ್ ಮರದ ರುಚಿ ಹಿಂದೆ ಸರಿದು ಹಣ್ಣಿನ ರುಚಿ ಮುಂದೆ ಬಂದಿತು. ಮಣ್ಣಿನ ಹೂಜಿಯಲ್ಲಿ ಇಟ್ಟದ್ದು ಸೋರಿಹೋಯಿತು, ಅದರ ವಿಷಯ ಮತ್ತೊಮ್ಮೆ ಬರೆಯುತ್ತೇನೆ.

ಪ್ಯಾಕೆಟ್ಟಿನ ಖರ್ಚು ಉಳಿಸಲು ಈ ಕೆಲಸಕ್ಕೆ ಯಾರೂ ಇಳಿಯಬೇಡಿ. ಬಾಟಲಿಯ ಲೆಕ್ಕದಲ್ಲಿ ಅದು ಏನೇನೂ ಅಲ್ಲ, ಹೆಪ್ಪಿನ ಕೂಲಿಯೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ನಮಗೆ ಹಣ ಬಂದದ್ದು ಆ ವೈನಿನ ದರವನ್ನು ಮೂರನೆಯ ಒಂದು ಪಾಲು ಏರಿಸಿದರೂ ಕೊಳ್ಳುವವರು ಹಿಂಜರಿಯದೇ ಇದ್ದುದರಿಂದ. ಮೂರು ವರ್ಷಗಳ ನಷ್ಟದಲ್ಲಿ ಒಂದಷ್ಟು ಆ ಒಂದೇ ಕೊಯ್ಲಿನಲ್ಲಿ ತೀರಿತು. ಮುಂದಿನ ಕೊಯ್ಲಿಗೆ ಏಳು ತೊಟ್ಟಿಗಳಲ್ಲಿ ಐದಕ್ಕೆ ಹೆಪ್ಪನ್ನೇ ಹಾಕುವುದೆಂದು ಮನೆಯಲ್ಲಿ ಒಪ್ಪಿಗೆಯಾಗಿದೆ, ಬಕೆಟ್ಟುಗಳನ್ನು ಎಂಟಕ್ಕೆ ಏರಿಸುತ್ತಿದ್ದೇವೆ.